ಚಿತ್ರದ ಕೆಳಗಿನ ಹೆಸರು

ಸುವರ್ಣ ಮಹೋತ್ಸವದ ಸಂಚಿಕೆಗೆ ಹಳೆಯ ಫೋಟೋಗಳಿದ್ದರೆ ಕೊಡಿ ಎಂದು ಸಮಿತಿಯವರು ಕೇಳಿದಾಗ ಟ್ರಂಕಿನ ತಳದಿಂದ ನಮ್ಮ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ ಹುಡುಕಿ ತೆಗೆದೆ. 1985ರದು. ಕುರ್ಚಿಗಳಲ್ಲಿ ಹೆಡ್ಮಾಸ್ಟರು ಮತ್ತು ಮೇಷ್ಟ್ರುಗಳು, ಮುಂದೆ ಜಮಖಾನೆಯ ಮೇಲೆ ಹುಡುಗಿಯರು, ಹಿಂದೆ ಬೆಂಚು ಹತ್ತಿ ನಿಂತ ನಾವು. ಬಲತುದಿಯಲ್ಲಿ ಖಾಕಿ ಅಂಗಿ ತೊಟ್ಟು, ದಿನವೂ ನಮಗೆ ಗಂಟೆ ಬಾರಿಸುತ್ತಿದ್ದವರು. ಕೆಳಗೆ ‘ಎಡದಿಂದ ಬಲಕ್ಕೆ’ ಎಂದು ಎಲ್ಲರ ಹೆಸರಿದೆ. ಅವರ ಜಾಗದಲ್ಲಿ ಮಾತ್ರ ‘ಜವಾನ’ ಎಂದಿದೆ. ಅಕ್ಷರ ದುಂಡಗಿದೆಯೆಂದು ಆ ಪಟ್ಟಿ ಬರೆಯುವ ಕೆಲಸ ನನಗೆ ಸಿಕ್ಕಿತ್ತು. ಹಾಗೆ ಬರೆದವನು ನಾನೇ.

ಮುಂದೆ ನಾನು ಇತಿಹಾಸದ ಮೇಷ್ಟ್ರಾದೆ. ಮುಖದ ಕೆಳಗೆ ಏನು ಬರೆಯುತ್ತಾರೆ ಎಂಬುದಕ್ಕೂ ಒಂದು ಇತಿಹಾಸವಿದೆ ಎಂದು ಆಮೇಲೆ ತಿಳಿಯಿತು.

ಗವರ್ನರ್ ಜನರಲ್ ಕ್ಯಾನಿಂಗ್ ಮತ್ತು ಅವನ ಹೆಂಡತಿಗೆ ಈ ದೇಶದ ಜನರ ಫೋಟೋಗಳನ್ನು ನೆನಪಿಗಾಗಿ ಕೂಡಿಡುವ ಆಸೆಯಿತ್ತು. 1857ರ ದಂಗೆಯ ನಂತರ ಆ ಹವ್ಯಾಸ ಸರ್ಕಾರದ ಕೆಲಸವಾಯಿತು. ಆಳಬೇಕಾದರೆ ಆಳಿಸಿಕೊಳ್ಳುವವರು ಯಾರೆಂದು ಗೊತ್ತಿರಬೇಕಲ್ಲ! 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಹೆಸರಿನಲ್ಲಿ 8 ಸಂಪುಟಗಳು, 400ಕ್ಕೂ ಹೆಚ್ಚು ಚಿತ್ರಗಳು ಅಚ್ಚಾದವು. ಬಹುಪಾಲು ಚಿತ್ರಗಳ ಕೆಳಗಿರುವುದು ವ್ಯಕ್ತಿಯ ಹೆಸರಲ್ಲ, ಜಾತಿಯ ಅಥವಾ ಬುಡಕಟ್ಟಿನ ಹೆಸರು. ಜೊತೆಗೆ ಇಡೀ ಸಮುದಾಯದ ಗುಣಾವಗುಣಗಳ ವಿವರಣೆ. ಇದೇ ಕಾಲದಲ್ಲಿ, 1871ರಲ್ಲಿ, ಕೆಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿದ ಕಾಯ್ದೆಯೂ ಬಂತು. ಮನುಷ್ಯನನ್ನು ಮಾದರಿಯಾಗಿ ನೋಡುವ ಕಣ್ಣು ಎರಡರಲ್ಲೂ ಒಂದೇ.

1869ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಇನ್ನೊಂದು ಉಪಾಯ ಹುಟ್ಟಿತು. ಮರದ ಚೌಕಟ್ಟಿಗೆ ಎರಡೆರಡು ಅಂಗುಲದ ಚೌಕಗಳಾಗುವಂತೆ ದಾರ ಬಿಗಿದು, ಅದರ ಮುಂದೆ ಮನುಷ್ಯನನ್ನು ನಿಲ್ಲಿಸಿ ಫೋಟೋ ತೆಗೆಯುವುದು. ಬಟ್ಟೆ ಅಳೆಯುವಂತೆ ಮೈಯನ್ನು ಅಳೆಯಬಹುದು. ನಿಂತವನ ಒಪ್ಪಿಗೆಯನ್ನು ಕೇಳುವವರಿರಲಿಲ್ಲ.

ಆದರೆ ಅದೇ ಕ್ಯಾಮೆರಾವನ್ನು ತನ್ನ ಪರವಾಗಿ ಸಾಕ್ಷಿ ನುಡಿಸಿದವನೂ ಒಬ್ಬನಿದ್ದ. ಅಮೆರಿಕದ ಫ್ರೆಡರಿಕ್ ಡಗ್ಲಸ್ ಗುಲಾಮನಾಗಿ ಹುಟ್ಟಿದವನು. 1838ರಲ್ಲಿ ತಪ್ಪಿಸಿಕೊಂಡು ಬಂದು, ಗುಲಾಮಗಿರಿಯ ವಿರುದ್ಧ ಊರೂರು ತಿರುಗಿ ಭಾಷಣ ಮಾಡಿದ. ಬಿಳಿಯ ಚಿತ್ರಕಾರರು ಕಪ್ಪು ಜನರನ್ನು ವಿಕಾರವಾಗಿ ಬರೆಯುತ್ತಾರೆ ಎಂಬುದು ಅವನ ದೂರು. ಕ್ಯಾಮೆರಾದ ಮೇಲೆ ಅವನಿಗೆ ಹೆಚ್ಚು ನಂಬಿಕೆ. ಒಳ್ಳೆಯ ಕೋಟು ತೊಟ್ಟು, ನಗದೆ, ತಲೆಯೆತ್ತಿ ಕೂತು ಫೋಟೋ ತೆಗೆಸಿಕೊಂಡ. ಹಾಗೆ ತೆಗೆಸಿದ ಸುಮಾರು 160 ಚಿತ್ರಗಳು ಸಿಕ್ಕಿವೆ. ಆ ಶತಮಾನದ ಅಮೆರಿಕದಲ್ಲಿ ಅಷ್ಟು ಫೋಟೋ ಬೇರೆ ಯಾರದ್ದೂ ಇಲ್ಲವೆನ್ನುತ್ತಾರೆ. ನಾನು ಮಾರಾಟದ ವಸ್ತುವಲ್ಲ, ಮನುಷ್ಯ ಎಂದು ಆ ಮುಖ ಹೇಳುತ್ತದೆ.

ನಮ್ಮ ನಾಡಿನಲ್ಲೂ ಈ ಹಳೆಯ ಲೆಕ್ಕವನ್ನು ಕೆದಕಿದವರಿದ್ದಾರೆ. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ, ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ 2000ರಿಂದ 2004ರವರೆಗೆ ದಕ್ಷಿಣ ಭಾರತದ ಸ್ತ್ರೀಯರ ಕುರಿತು ಒಂದು ಚಿತ್ರಮಾಲೆ ಮಾಡಿದರು. ಅದರಲ್ಲಿ ಒಮ್ಮೆ ರವಿವರ್ಮನ ಬೆಳದಿಂಗಳ ಹೆಣ್ಣಾಗಿ, ಇನ್ನೊಮ್ಮೆ ಅಳತೆಯ ಚೌಕಳಿಯ ಮುಂದೆ ನಿಂತ ಬುಡಕಟ್ಟಿನ ಹೆಣ್ಣಾಗಿ ವೇಷ ತೊಟ್ಟು ನಿಂತವರು ಸ್ವತಃ ಪುಷ್ಪಮಾಲಾ. ವೇಷ ಬದಲಾಗುತ್ತದೆ, ಹೆಂಗಸು ಅವರೇ. ‘ಮಾದರಿ ಸ್ತ್ರೀ’ ಎಂಬುದು ನೋಡುವವರು ಕಟ್ಟಿದ ವೇಷ ಎಂದು ನೋಡಿದವರಿಗೆ ಹೊಳೆಯುತ್ತದೆ.

ಇದನ್ನೆಲ್ಲ ತರಗತಿಯಲ್ಲಿ ಹೇಳುವಾಗ ನಾನು ಬ್ರಿಟಿಷರನ್ನು ಚೆನ್ನಾಗಿಯೇ ಬೈಯುತ್ತಿದ್ದೆ. ಈಗ ಈ ಫೋಟೋ ಕೈಗೆ ಬಂದಾಗ ನಾಲಿಗೆ ತಡೆಯಿತು. ಹೆಸರಿನ ಜಾಗದಲ್ಲಿ ಕೆಲಸ ಬರೆಯಲು ನನಗೆ ಯಾವ ದೊರೆಯೂ ಹೇಳಿರಲಿಲ್ಲ. ಮೂರು ವರ್ಷ ಅವರು ಸೇದಿ ತಂದ ನೀರು ಕುಡಿದಿದ್ದೆ. ಒಮ್ಮೆ ಜ್ವರ ಬಂದಾಗ ಅವರು ಸೈಕಲ್ಲಿನಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟಿದ್ದರು. ಹೆಸರು ಕೇಳಬೇಕೆಂದು ಹೊಳೆಯಲೇ ಇಲ್ಲ.

ಹೋದ ತಿಂಗಳು ಅವರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಹೋಗಿ ಬಹಳ ವರ್ಷವಾಗಿದೆ. ಮೊಮ್ಮಗಳು ಫೋಟೋವನ್ನು ತುಂಬ ಹೊತ್ತು ನೋಡಿ, “ನಮ್ಮನೇಲಿ ತಾತಂದು ಒಂದು ಫೋಟೋನೂ ಇಲ್ಲ ಸಾರ್” ಎಂದಳು. ಅವಳಿಗೊಂದು ಪ್ರತಿ ಮಾಡಿಸಿಕೊಟ್ಟೆ. ಅವಳು ಹೇಳಿದ ಪೂರ್ತಿ ಹೆಸರನ್ನು ಬರೆದುಕೊಂಡು ಬಂದೆ. ಈ ಸಂಚಿಕೆಯಲ್ಲಿ ಆ ಫೋಟೋದ ಕೆಳಗೆ, ಬಲತುದಿಯಲ್ಲಿ, ಆ ಹೆಸರಿದೆ. ದಯವಿಟ್ಟು ಓದಿ.

ಸಮಾರಂಭದ ದಿನ ಮತ್ತೆ ಗ್ರೂಪ್ ಫೋಟೋ ತೆಗೆಯುತ್ತಾರೆ. ಬಿಸಿಯೂಟ ಬೇಯಿಸುವ ತಾಯಂದಿರನ್ನೂ ಕರೆದು ಕುರ್ಚಿಯಲ್ಲಿ ಕೂರಿಸೋಣ. ಹೆಸರು ಬರೆಯುವ ಹುಡುಗನಿಗೋ ಹುಡುಗಿಗೋ ನನ್ನದೊಂದೇ ಮಾತು: ಗೊತ್ತಿಲ್ಲದಿದ್ದರೆ ಅವರನ್ನೇ ಕೇಳಿ ಬರೆಯಿರಿ.