ವಿದೇಶಯಾತ್ರೆಯ ಸಿದ್ಧತೆ

ಊರು ಬಿಟ್ಟು ದೂರ ಹೊರಟವನಿಗೆ ದಾರಿಯನ್ನು ಹೇಳಿಕೊಡುವವರು ಯಾರು ಎಂಬ ಪ್ರಶ್ನೆ ಯಾತ್ರೆಯಷ್ಟೇ ಪುರಾತನವಾದುದು. ಕಾಶಿಗೆ ಹೊರಟ ನಮ್ಮ ಪೂರ್ವಿಕರಿಗೆ ಹೋಗಿಬಂದವರ ಬಾಯಿಮಾತು ಒಂದು ಆಧಾರವಾಗಿದ್ದಿತು. ಗಂಗೆಯ ದಡವನ್ನು ಮುಟ್ಟಿದ ಮೇಲೆ, ತಲೆತಲಾಂತರದ ಯಾತ್ರಿಕರ ಹೆಸರುಗಳನ್ನು ಬರೆದಿರಿಸಿಕೊಂಡಿದ್ದ ತೀರ್ಥಪುರೋಹಿತರಾದ ಪಂಡರ ಪುಸ್ತಕ ಇನ್ನೊಂದು ಆಧಾರವಾಗುತ್ತಿದ್ದಿತು. ಸಮುದ್ರದಾಚೆಯ ದೇಶಗಳಿಗಾದರೋ ಇಂಥ ಯಾವ ಊರುಗೋಲೂ ಇರಲಿಲ್ಲ. ಹೊನ್ನಾವರದಲ್ಲಿ ಜನಿಸಿದ ನಾರಾಯಣ ಗಣೇಶ ಚಂದಾವರ್ಕರರು ಭಾರತೀಯರ ಅಹವಾಲನ್ನು ಆಂಗ್ಲ ಜನತೆಯ ಮುಂದಿಡಲು ೧೮೮೫ರಲ್ಲಿ ಇಂಗ್ಲೆಂಡಿಗೆ ತೆರಳಿದ ಕಾಲದಲ್ಲಿ ಸಮುದ್ರೋಲ್ಲಂಘನವು ಪ್ರಾಯಶ್ಚಿತ್ತಾರ್ಹವೆಂಬ ಭಾವನೆ ಇನ್ನೂ ಬಲವಾಗಿಯೇ ಇದ್ದಿತು. ಅದಾದ ಮೂರು ವರ್ಷಗಳಿಗೆ ಲಂಡನ್ನಿಗೆ ಹೊರಟ ಗಾಂಧಿಯವರಿಗೆ ಅವರ ಜಾತಿಯ ಮುಖಂಡರು ಬಹಿಷ್ಕಾರ ಹಾಕಿದುದು ಲೋಕವಿದಿತವಾದ ಸಂಗತಿ.

ಆ ದಶಕದಲ್ಲಿಯೇ, ೧೮೮೨ರಲ್ಲಿ, ಮೈಸೂರಿನ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಬೆಂಗಳೂರಿನ ಪೂರ್ವಕ್ಕೆ ಸುಮಾರು ೩,೯೦೦ ಎಕರೆ ಭೂಮಿಯನ್ನು ಅನುಗ್ರಹಿಸಿದರು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರಿನಿಂದ ಅಲ್ಲಿ ವೈಟ್‌ಫೀಲ್ಡ್ ಎಂಬ ಬೇಸಾಯಗಾರರ ಚಿಕ್ಕ ವಸಾಹತು ಹುಟ್ಟಿಕೊಂಡಿತು. ಇಂದು ಅದೇ ಭೂಮಿಯ ಮೇಲೆ, ಅದರ ನೆರೆಹೊರೆಯ ಗ್ರಾಮಗಳಲ್ಲಿ, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮತ್ತು ವಾಯವ್ಯಕ್ಕೆ ಪೀಣ್ಯದಲ್ಲಿ ದುಡಿಯುವ ಸಹಸ್ರಾರು ಜನರು ರೋಮ್, ಅಂಕೋರ್, ಮಾಚು ಪಿಚುಗಳನ್ನು ನೋಡಿಬರಲು ಮನೆಯಲ್ಲಿ ಕುಳಿತೇ, ಯಾರ ಹಂಗೂ ಇಲ್ಲದೆ ಸಿದ್ಧತೆ ಮಾಡಿಕೊಳ್ಳುತ್ತಿರುವುದು ಒಂದು ಸಾಮಾಜಿಕ ಪರಿವರ್ತನೆಯೇ ಸರಿ. ಈ ಪರಿವರ್ತನೆಯ ಪೂರ್ವಕಥೆಯನ್ನು ಬರೆದಿಡುವುದು ಅವಶ್ಯವೆಂದು ನನಗೆ ತೋರುತ್ತದೆ.

ಪ್ರವಾಸವನ್ನು ಒಂದು ವ್ಯವಹಾರವಾಗಿ ಸಂಘಟಿಸಿದ ಕೀರ್ತಿ ೧೮೪೧ರಲ್ಲಿ ತನ್ನ ಮೊದಲ ರೈಲುಯಾತ್ರೆಯನ್ನು ಏರ್ಪಡಿಸಿದ ಥಾಮಸ್ ಕುಕ್‌ನಿಗೆ ಸಲ್ಲತಕ್ಕದ್ದು. ಅವನಿಗಿಂತ ಮೊದಲೇ ಇಂಗ್ಲೆಂಡಿನ ಮರ್ರೆ ಮತ್ತು ಜರ್ಮನಿಯ ಬೇಡೆಕರ್ ಪ್ರಕಾಶನಗಳು ಕೈಪಿಡಿಗಳನ್ನು ಹೊರತರಲಾರಂಭಿಸಿದ್ದುವು. ಅವೆಲ್ಲವೂ ಯುರೋಪಿನ ಸ್ಥಿತಿವಂತರಿಗಾಗಿ ಬರೆಯಲ್ಪಟ್ಟವು. ನಮ್ಮವರಲ್ಲಿ ಸ್ವಂತ ಜಿಜ್ಞಾಸೆಯಿಂದ ಹೊರಟವರು ಬೆರಳೆಣಿಕೆಯಷ್ಟು ಮಂದಿ. ಮುಂಬಯಿ ಪ್ರಾಂತದ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ೧೮೯೮ರಲ್ಲಿ ರಜೆ ಪಡೆದು ಜಪಾನಿಗೆ ಹೋಗಿ ಅಲ್ಲಿಯ ಶಿಕ್ಷಣ ಮತ್ತು ಕೈಗಾರಿಕೆಗಳನ್ನು ಕಣ್ಣಾರೆ ಕಂಡುಬಂದುದು ಆ ಕಾಲಕ್ಕೆ ಅಪೂರ್ವವಾದ ಸಾಹಸ.

ಸಾಮಾನ್ಯ ನೌಕರನಿಗೆ ವಿದೇಶದ ದ್ವಾರ ತೆರೆದುದು ಕಾರ್ಖಾನೆಯ ಮೂಲಕ. ಪೀಣ್ಯಕ್ಕೆ ತಾಗಿಕೊಂಡಿರುವ ಜಾಲಹಳ್ಳಿಯಲ್ಲಿ ೧೯೫೩ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಎಚ್‌ಎಂಟಿಯೂ ಮರುವರ್ಷ ಫ್ರಾನ್ಸಿನ ಸಿಎಸ್ಎಫ್ ಸಂಸ್ಥೆಯ ಸಹಯೋಗದಿಂದ ಬಿಇಎಲ್ಲೂ ಸ್ಥಾಪಿತವಾದುವು. ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಎಚ್‌ಎಂಟಿ ಕೈಗಡಿಯಾರ ಬಂದಿತು. ಇಂಥ ಕರಾರುಗಳ ಬೆನ್ನಿಗೇ ತರಬೇತಿಗಾಗಿ ವಿದೇಶಕ್ಕೆ ತೆರಳುವ ಅವಕಾಶವೂ ಬಂದುದರಿಂದ, ವಿಮಾನದ ಟಿಕೆಟನ್ನು ತಾನಾಗಿ ಕೊಳ್ಳುವ ಕನಸನ್ನೂ ಕಾಣದಿದ್ದ ಕೆಳಮಧ್ಯಮ ವರ್ಗದ ತರುಣನು, ಕಾರ್ಖಾನೆಯೇ ದಿನವನ್ನು ಗೊತ್ತುಮಾಡಿ, ಕಾರ್ಖಾನೆಯೇ ವಸತಿಯನ್ನು ಕಲ್ಪಿಸಿದ ಯಾತ್ರೆಯಲ್ಲಿ, ಬಿಡುವು ದೊರೆತಾಗ ಅಲ್ಲಿಯ ಇಗರ್ಜಿಯನ್ನೋ ಅರಮನೆಯನ್ನೋ ನೋಡಿಬರುವಂತಾಯಿತು. ೧೯೭೦ರ ದಶಕದಲ್ಲಿ ಪೀಣ್ಯ ಬೆಳೆದಂತೆ ಅಲ್ಲಿಯ ಸಣ್ಣ ಉದ್ಯಮಿಗಳಿಗೂ ಯಂತ್ರಪ್ರದರ್ಶನದ ನೆಪವೇ ಲೋಕದರ್ಶನದ ಮಾರ್ಗವಾಯಿತು.

ಸ್ವೇಚ್ಛೆಯಿಂದ ಹೊರಡಬೇಕೆಂದವನಿಗೆ ಆಗ ಎದುರಾಗುತ್ತಿದ್ದ ಅಡಚಣೆಗಳನ್ನು ಇಂದಿನವರು ಊಹಿಸುವುದೂ ಕಷ್ಟ. ವಿದೇಶೀ ವಿನಿಮಯದ ಅಭಾವದಿಂದ ಸರಕಾರವು ಒಂದೊಂದು ಡಾಲರನ್ನೂ ಕಾಯ್ದಿರಿಸುತ್ತಿದ್ದಿತು. ರಿಸರ್ವ್ ಬ್ಯಾಂಕಿನ ‘ಪಿ ಫಾರಂ’ ಎಂಬ ಅನುಮತಿಪತ್ರ ಕೈಸೇರದೆ ಪ್ರಯಾಣ ಸಾಗುತ್ತಿರಲಿಲ್ಲ. ಪಾಸ್‌ಪೋರ್ಟನ್ನು ಕೊಡುವುದೂ ಬಿಡುವುದೂ ಅಧಿಕಾರಿಯ ಇಚ್ಛೆಗೆ ಸೇರಿದ್ದಿತು. ೧೯೬೭ರಲ್ಲಿ ಸತ್ವಂತ್ ಸಿಂಗ್ ಸಾಹ್ನಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದೇಶಕ್ಕೆ ಪ್ರಯಾಣಿಸುವ ಹಕ್ಕು ವೈಯಕ್ತಿಕ ಸ್ವಾತಂತ್ರ್ಯದ ಅಂಗವೇ ಎಂದು ತೀರ್ಪಿತ್ತ ಅನಂತರ ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಜಾರಿಗೆ ಬಂದಿತು. ಪ್ರವಾಸಿಯ ಇತಿಹಾಸದಲ್ಲಿ ಈ ತೀರ್ಪಿಗೆ ಯಾವ ವಿಮಾನದ ಆವಿಷ್ಕಾರಕ್ಕೂ ಕಡಮೆಯಲ್ಲದ ಸ್ಥಾನವಿದೆ ಎಂದು ನಾನು ತಿಳಿಯುತ್ತೇನೆ.

ಆ ದಿನಗಳಲ್ಲಿ ಕನ್ನಡಿಗನಿಗೆ ದೂರದೇಶದ ಪರಿಚಯವನ್ನು ಮಾಡಿಕೊಟ್ಟವರು ನಮ್ಮ ಸಾಹಿತಿಗಳು. ೧೯೩೬ರಲ್ಲಿ ಆಕ್ಸ್‌ಫರ್ಡಿಗೆ ಹೋದ ವಿ. ಕೃ. ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು, ಶಿವರಾಮ ಕಾರಂತರು ‘ಅಪೂರ್ವ ಪಶ್ಚಿಮ’ದಲ್ಲಿ ಯುರೋಪನ್ನು ತಮ್ಮ ಕಣ್ಣಿನಿಂದ ಅಳೆದರು, ಎ. ಎನ್. ಮೂರ್ತಿರಾಯರು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯನ್ನು ರಚಿಸಿದರು, ಹಳ್ಳಿಯ ಬದುಕನ್ನು ಬರೆದು ಮನೆಮಾತಾಗಿದ್ದ ಗೊರೂರರ ‘ಅಮೆರಿಕದಲ್ಲಿ ಗೊರೂರು’ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆಯಿತು. ಹೋಟೆಲಿನ ಬಾಡಿಗೆಯನ್ನೂ ರೈಲಿನ ವೇಳೆಯನ್ನೂ ತಿಳಿಯಲು ಈ ಗ್ರಂಥಗಳನ್ನು ಯಾರೂ ಓದಲಿಲ್ಲ. ಒಬ್ಬ ಕನ್ನಡಿಗನ ಮನಸ್ಸು ಪರಕೀಯವಾದ ಪ್ರಾಚೀನತೆಯ ಎದುರು ನಿಂತಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಓದಿದರು, ಮತ್ತು ಓದಿದವರಲ್ಲಿ ಬಹುಮಂದಿ ಎಂದಿಗೂ ಹಡಗನ್ನಾಗಲಿ ವಿಮಾನವನ್ನಾಗಲಿ ಏರಲಿಲ್ಲ.

ಈ ಪರಂಪರೆಯ ಈಚಿನ ಕೊಂಡಿಯಾದ ನೇಮಿಚಂದ್ರ ಅವರನ್ನು ನಾನು ವಿಶೇಷ ಗೌರವದಿಂದ ನೆನೆಯುತ್ತೇನೆ. ವೈಟ್‌ಫೀಲ್ಡಿಗೆ ಹೋಗುವ ಹಾದಿಯಲ್ಲಿಯೇ ಇರುವ ಎಚ್‌ಎಎಲ್‌ನಲ್ಲಿ ಇಂಜಿನಿಯರಾಗಿ ದುಡಿದ ಅವರು ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಎಂಬ ಗ್ರಂಥದ ಮೂಲಕ ಇಂಕಾ ಜನಾಂಗದ ಕಲ್ಲಿನ ಕೋಟೆಗಳನ್ನೂ ಮಾಚು ಪಿಚುವನ್ನೂ ಕನ್ನಡದ ಓದುಗರ ಅನುಭವಕ್ಕೆ ತಂದರು. ಯಂತ್ರಜ್ಞಾನದ ಶಿಸ್ತೂ ಇತಿಹಾಸದ ಮರುಕವೂ ಒಬ್ಬರಲ್ಲಿಯೇ ಕೂಡಿದರೆ ಎಂಥ ಪ್ರವಾಸಿ ರೂಪುಗೊಳ್ಳಬಹುದೆಂಬುದಕ್ಕೆ ಅವರ ಬರೆಹ ನಿದರ್ಶನ.

ಇನ್ನು ಇತ್ತೀಚಿನ ಮೂರು ದಶಕಗಳ ಕಥೆ ತ್ವರಿತವಾದುದು. ಆರ್. ಕೆ. ಬಾಳಿಗರ ದೂರದೃಷ್ಟಿಯಿಂದ ರಾಜ್ಯ ಸರಕಾರದ ಸಂಸ್ಥೆಯಾದ ಕಿಯೋನಿಕ್ಸ್ ೧೯೭೮ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ೩೩೨ ಎಕರೆಗಳಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಗೆ ೧೯೯೪ರಲ್ಲಿ ಇನ್ಫೋಸಿಸ್ ಸ್ಥಳಾಂತರವಾಯಿತು. ಮರುವರ್ಷದ ಆಗಸ್ಟ್ ೧೫ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ನೀಡಿತು. ೨೦೦೦ದಲ್ಲಿ ವಿದೇಶೀ ವಿನಿಮಯದ ಹೊಸ ಕಾಯಿದೆ ಜಾರಿಗೆ ಬಂದಿತು. ೨೦೦೪ರಲ್ಲಿ ವರ್ಷಕ್ಕೆ ೨೫,೦೦೦ ಡಾಲರುಗಳನ್ನು ಹೊರಗೆ ಕಳುಹಿಸಲು ದೊರೆತ ಅನುಮತಿ ಇಂದು ೨,೫೦,೦೦೦ಕ್ಕೆ ಏರಿದೆ. ೨೦೦೬ರಲ್ಲಿ ತರುಣ ಇಂಜಿನಿಯರುಗಳು ಬೆಂಗಳೂರಿನಲ್ಲಿಯೇ ಕಟ್ಟಿದ ರೆಡ್‌ಬಸ್, ಪರದೆಯ ಮೇಲೆ ಆಸನವನ್ನು ಆರಿಸಿಕೊಳ್ಳುವ ಅಭ್ಯಾಸವನ್ನು ಬಸ್ಸಿನ ಪ್ರಯಾಣಿಕನಿಗೂ ಕಲಿಸಿತು. ದೇವನಹಳ್ಳಿಯ ವಿಮಾನನಿಲ್ದಾಣ ತೆರೆದದ್ದು ೨೦೦೮ರಲ್ಲಿ. ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಪ್ರಯೋಗ ೨೦೧೦ರಲ್ಲಿ ಮೊದಲಾದದ್ದೂ ನಮ್ಮ ರಾಜ್ಯದಲ್ಲಿಯೇ. ಅಧಿಕಾರಿಯೂ ದಲ್ಲಾಳಿಯೂ ಕಾರ್ಖಾನೆಯ ಯಜಮಾನನೂ ಒಬ್ಬೊಬ್ಬರಾಗಿ ಬದಿಗೆ ಸರಿದು, ಪ್ರವಾಸಿಯು ತಾನೇ ತನ್ನ ಯಾತ್ರೆಯ ಸೂತ್ರಧಾರನಾದ ಪರಿ ಇದು.

ಈಗಿನ ಸಿದ್ಧತೆಯ ಕ್ರಮವನ್ನು ಹತ್ತಿರದಿಂದ ನೋಡಿದರೆ ಅದರ ಶ್ರದ್ಧೆಯನ್ನು ಮೆಚ್ಚದಿರಲಾಗದು. ಯುರೋಪಿನ ಷೆಂಗೆನ್ ವೀಸಾ ಬೇಕೆಂದರೆ ದಿನಚರಿ, ತಂಗುವ ಸ್ಥಳದ ಕಾಯ್ದಿರಿಸುವಿಕೆ, ಬ್ಯಾಂಕಿನ ಲೆಕ್ಕ, ಕಂಪನಿಯ ರಜೆಯ ಪತ್ರ, ಕನಿಷ್ಠ ೩೦,೦೦೦ ಯೂರೋಗಳ ವಿಮೆ ಇವಿಷ್ಟನ್ನೂ ಒದಗಿಸಬೇಕಾದುದರಿಂದ, ಕಚೇರಿಯಲ್ಲಿ ಪ್ರಾಜೆಕ್ಟಿನ ಯೋಜನೆಯನ್ನು ಬರೆಯುವ ಎಕ್ಸೆಲ್ ಹಾಳೆಯಲ್ಲಿಯೇ ಯಾತ್ರೆಯ ಒಂದೊಂದು ಗಳಿಗೆಯೂ ಲಿಖಿತವಾಗುತ್ತದೆ. ಸ್ಮಾರಕಗಳ ಪಾಲಕರೂ ಇದೇ ವಿಧಾನವನ್ನು ಹಿಡಿದಿದ್ದಾರೆ. ಮಿಲಾನಿನಲ್ಲಿ ಲಿಯೊನಾರ್ಡೊ ರಚಿಸಿದ ಅಂತಿಮ ಭೋಜನದ ಭಿತ್ತಿಚಿತ್ರದ ಮುಂದೆ ಚಿಕ್ಕ ಗುಂಪಿಗೆ ಹದಿನೈದು ನಿಮಿಷಗಳ ಅವಕಾಶ. ಪಾಂಪೇಯಿಯಲ್ಲಿ ೨೦೨೪ರ ನವೆಂಬರಿನಿಂದ ದಿನಕ್ಕೆ ೨೦,೦೦೦ ಜನರ ಮಿತಿ. ಮಾಚು ಪಿಚುವಿನಲ್ಲಿ ಪ್ರವೇಶದ ವೇಳೆಯೂ ನಡೆಯುವ ಹಾದಿಯೂ ಮೊದಲೇ ನಿಶ್ಚಿತ. ಆಮ್ಸ್ಟರ್‌ಡ್ಯಾಮಿನ ಆನ್ ಫ್ರಾಂಕ್ ಮನೆಯ ಟಿಕೆಟುಗಳು ಅಂತರ್ಜಾಲದಲ್ಲಿ ಮಾತ್ರ ದೊರೆಯುತ್ತವೆ. ಆರು ವಾರಗಳ ಮುಂಚೆ, ಪ್ರತಿ ಮಂಗಳವಾರ, ನಮ್ಮ ಗಡಿಯಾರಕ್ಕೆ ಮಧ್ಯಾಹ್ನದ ಊಟದ ಹೊತ್ತಿನ ಸುಮಾರಿಗೆ ಅವು ಬಿಡುಗಡೆಯಾಗುತ್ತವೆ. ಜನಸಂಮರ್ದದಿಂದ ಸವೆಯುವ ಶಿಲೆಗೂ ಉಸಿರಿನ ತೇವದಿಂದ ಮಾಸುವ ಬಣ್ಣಕ್ಕೂ ಈ ನಿಯಮಗಳೇ ರಕ್ಷೆಯಾದುದರಿಂದ ಇವನ್ನು ಕಿರುಕುಳವೆಂದು ಯಾರೂ ಭಾವಿಸಬಾರದು.

ಗೂಗಲ್ಲಿನ ಬೀದಿನೋಟದ (ಸ್ಟ್ರೀಟ್ ವ್ಯೂ) ವಿಚಾರವನ್ನೂ ಇಲ್ಲಿ ಹೇಳಬೇಕು. ೨೦೧೧ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅದರ ಚಿತ್ರಣವನ್ನು ಪೊಲೀಸರು ಭದ್ರತೆಯ ಕಾರಣದಿಂದ ಕೆಲವೇ ವಾರಗಳಲ್ಲಿ ನಿಲ್ಲಿಸಿದರು. ಅದು ಪುನಃ ನಮ್ಮ ಬೀದಿಗಳಿಗೆ ಬಂದುದು ೨೦೨೨ರಲ್ಲಿ. ಹನ್ನೊಂದು ವರ್ಷಗಳ ಕಾಲ ವೈಟ್‌ಫೀಲ್ಡಿನ ನಿವಾಸಿಯು ರೋಮಿನ ಓಣಿಗಳಲ್ಲಿ ಪರದೆಯ ಮೇಲೆ ಮನಬಂದಂತೆ ಸಂಚರಿಸಬಹುದಾಗಿದ್ದಿತು, ತನ್ನ ಬಡಾವಣೆಯಲ್ಲಿ ಹಾಗೆ ಸಂಚರಿಸುವಂತಿರಲಿಲ್ಲ. ದೂರದ್ದು ಹತ್ತಿರಕ್ಕಿಂತ ಹೆಚ್ಚು ಪರಿಚಿತವಾಗಬಲ್ಲ ಯುಗ ಇದು.

ಪರಿಚಿತವಾದುದೆಲ್ಲವೂ ಅರ್ಥವಾಗಿದೆಯೇ ಎಂಬುದೇ ನನ್ನನ್ನು ಕಾಡುವ ಸಂದೇಹ. ಸಾಲು ಎಷ್ಟು ಉದ್ದ, ಯಾವ ಬಾಗಿಲಿನಿಂದ ಒಳಹೋಗಬೇಕು, ಸಸ್ಯಾಹಾರ ಎಲ್ಲಿ ಸಿಕ್ಕುತ್ತದೆ ಎಂಬುದನ್ನು ಸಾವಿರ ಪ್ರವಾಸಿಗರು ಬರೆದಿರಿಸಿದ್ದಾರೆ, ಅವರ ಉಪಕಾರ ದೊಡ್ಡದು. ಆನ್ ಫ್ರಾಂಕ್‌ಳ ಮನೆಯ ಕಡಿದಾದ ಮೆಟ್ಟಿಲನ್ನು ಏರುವ ಕನ್ನಡಿಗನಿಗೆ ಅಷ್ಟೇ ಸಾಲದು. ಅಲ್ಲಿ ನಡೆದುದು ನಮಗೂ ಸೇರಿದ ದುಃಖವೆಂದು ತಿಳಿಯಬೇಕಾದರೆ ಅವನು ಅದೇ ನೇಮಿಚಂದ್ರ ಅವರ ‘ಯಾದ್ ವಶೇಮ್’ ಕಾದಂಬರಿಯನ್ನು ಓದಿ ಹೊರಡಬೇಕು. ಹಿಟ್ಲರನ ಜರ್ಮನಿಯಿಂದ ಪಾರಾಗಿ ಬೆಂಗಳೂರಿಗೆ ಬಂದು ಇಲ್ಲಿಯೇ ಬೆಳೆದ ಯಹೂದಿ ಹುಡುಗಿಯ ಕಥೆ ಅದು. ಅಂತೆಯೇ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಟಿಪ್ಪುವಿನ ಮರದ ಹುಲಿಯ ಮುಂದೆ ನಿಲ್ಲುವವನಿಗೆ, ೧೭೯೯ರಲ್ಲಿ ಶ್ರೀರಂಗಪಟ್ಟಣವು ಸೂರೆಹೋದ ಬಗೆ ತಿಳಿಯದಿದ್ದರೆ, ಆ ಹುಲಿ ಬರಿಯ ಆಟಿಕೆಯಾಗಿ ಕಂಡೀತು.

ಆದಕಾರಣ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ಮೂರು ವಲಯಗಳಲ್ಲಿ ದುಡಿಯುವ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟು. ನಿಮ್ಮ ಯೋಜನೆಯ ಹಾಳೆಯಲ್ಲಿ, ವಿಮಾನದ ವೇಳೆಯೂ ಟಿಕೆಟಿನ ಸಂಖ್ಯೆಯೂ ಇರುವ ಸಾಲುಗಳ ಮೇಲೆ, ಆ ಸ್ಥಳದ ಇತಿಹಾಸವನ್ನು ಕುರಿತು ಹೊರಡುವುದಕ್ಕೆ ಮುನ್ನ ಓದಬೇಕಾದ ಒಂದು ಪುಸ್ತಕದ ಹೆಸರನ್ನು ಬರೆದುಕೊಳ್ಳಿರಿ. ಹಿಂತಿರುಗಿದ ಮೇಲೆ ಕಂಡುದನ್ನು ಕನ್ನಡದಲ್ಲಿ ಬರೆಯಿರಿ. ಪುಸ್ತಕವಾಗದಿದ್ದರೆ ೨೦೦೩ರಿಂದ ನಡೆದುಬಂದಿರುವ ಕನ್ನಡ ವಿಕಿಪೀಡಿಯದಲ್ಲಿ ಆ ಸ್ಮಾರಕದ ಪುಟಕ್ಕೆ ನಾಲ್ಕು ಖಚಿತವಾದ ವಾಕ್ಯಗಳನ್ನಾದರೂ ಸೇರಿಸಿರಿ. ಮುಂದಿನ ಯಾತ್ರಿಕನು ಕನ್ನಡದಲ್ಲಿ ಹುಡುಕಿದಾಗ ಅವನಿಗೆ ನಿಮ್ಮ ಮಾತು ದೊರೆಯಲಿ.