'ನಾಟ್ ರೆಸ್ಪಾಂಡಿಂಗ್': ವಿಂಡೋ ಬಿಳಿಚಿಕೊಳ್ಳೋದರ ಹಿಂದಿನ ಚರಿತ್ರೆ

ಭಾಗ 1

ಫೋಟೋ ನೋಡಿದ ತಕ್ಷಣ ಎದೆ ಧಸಕ್ ಅಂತಲ್ವಾ? ಬಿಳಿಚಿಕೊಂಡಿರೋ ವಿಂಡೋ, ತಲೆ ಮೇಲೆ 'ನಾಟ್ ರೆಸ್ಪಾಂಡಿಂಗ್' ಅನ್ನೋ ಹಣೆಪಟ್ಟಿ, ಮಧ್ಯದಲ್ಲಿ ತಿರುಗ್ತಾನೇ ಇರೋ ಉಂಗುರ. ಹೋದ ಸರಣಿಯಲ್ಲಿ ಹುಂಡಿಗಳ ಚರಿತ್ರೆ ಬರೆದೋರು ಈ ಸಲ ಕಂಪ್ಯೂಟರಿಗೆ ಯಾಕೆ ಬಂದ್ರಿ ಅಂತ ಕೇಳ್ಬೇಡಿ. ಕಾರಣ ಇದೆ, ಅದರ ಬೆಲೆ 3,840 ರೂಪಾಯಿ.

ಪಿಯುಸಿ ಮುಗಿದ ರಜೆಯಲ್ಲಿ ಎರಡು ತಿಂಗಳು ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ಲಿಂಗಿಗೆ ಕೂತಿದ್ದೆ. ಒಂದು ಸಂಜೆ ಗಿರಾಕಿಗಳು ಮೈಮೇಲೆ ಬೀಳ್ತಿದ್ರು. ಸೇವ್ ಒತ್ತಿದೆ, ಏನೂ ಆಗ್ಲಿಲ್ಲ. ಮತ್ತೆ ಒತ್ತಿದೆ. ಇನ್ನೊಂದ್ಸಲ. ಮೂರ್ನಾಲ್ಕು ಸೆಕೆಂಡ್ ಕಳೆದ ಮೇಲೆ ಪ್ರಿಂಟರಿಗೆ ಜೀವ ಬಂದು ಒಂದೇ ಸರಕಿಗೆ ಮೂರು ಬಿಲ್ ಉಗುಳ್ತು. ಎರಡನ್ನ ಹರಿದು ಬಿಸಾಕಿ ಮುಂದಿನವರನ್ನ ಕರೆದೆ. ಕಾಗದ ಹರಿದ್ರೆ ಸಾಲದು, ಕಂಪ್ಯೂಟರಿನಲ್ಲೂ ಅವನ್ನ ಕ್ಯಾನ್ಸಲ್ ಮಾಡ್ಬೇಕು ಅನ್ನೋದೇ ನಂಗೆ ಗೊತ್ತಿರ್ಲಿಲ್ಲ. ರಾತ್ರಿ ಲೆಕ್ಕ ಮುಗಿಸುವಾಗ ಬಿಲ್ ಹೇಳೋ ಕ್ಯಾಷ್‌ಗೂ ಗಲ್ಲಾದಲ್ಲಿರೋ ಕ್ಯಾಷ್‌ಗೂ ಅಷ್ಟು ವ್ಯತ್ಯಾಸ. "ಅವಸರ ಜಾಸ್ತಿ ನಿಂದು" ಅಂದ ಓನರ್ ಸಂಬಳದಲ್ಲಿ ಹಿಡಿದುಕೊಂಡ್ರು. ತಿಂಗಳ ಕೊನೆಗೆ ಸ್ಟಾಕ್ ಎಣಿಸಿದಾಗ ಅಷ್ಟೇ ಮಾಲು ಹೆಚ್ಚಿಗೆ ಸಿಕ್ತು. ದುಡ್ಡು ಮಾತ್ರ ವಾಪಸ್ ಬರ್ಲಿಲ್ಲ.

ಆಮೇಲೆ ಒಂದು ವರ್ಷ ನಾನೂ ಅದನ್ನ ನನ್ನ ತಪ್ಪು ಅಂತಾನೇ ನಂಬಿದ್ದೆ. ಈಗ ಇಲ್ಲ. ಯಾಕೆ ಅಂತ ಹೇಳೋದಕ್ಕೇ ಈ ಸರಣಿ.

ಭಾಗ 2

ಮೊದಲು ಒಂದು ವಿಷಯ. ವಿಂಡೋ ಹೆಪ್ಪುಗಟ್ಟಿದಾಗ ನಾವು 'ಸಿಸ್ಟಮ್ ಸ್ಲೋ' ಅಂತೀವಿ. ಬಹಳ ಸಲ ಕಂಪ್ಯೂಟರ್ ಸ್ಲೋ ಆಗಿರಲ್ಲ. ಆ ಒಂದು ಪ್ರೋಗ್ರಾಮ್ ನಮ್ಮ ಮಾತು ಕೇಳಿಸಿಕೊಳ್ಳೋದನ್ನ ನಿಲ್ಲಿಸಿರುತ್ತೆ ಅಷ್ಟೇ.

ಹಳೇ ಕಾಲದ ಪ್ರೋಗ್ರಾಮ್‌ಗಳಿಗೆ ಈ ತೊಂದರೆ ಇರ್ಲಿಲ್ಲ. ಕಪ್ಪು ಪರದೆ, ಅದು ಪ್ರಶ್ನೆ ಕೇಳುತ್ತೆ, ನೀವು ಉತ್ತರ ಟೈಪ್ ಮಾಡ್ತೀರಿ. ಹೆಸರೇನು, ಮೊತ್ತ ಎಷ್ಟು, ತಾರೀಕು ಯಾವುದು. ಯಾವಾಗ ಏನು ಕೇಳ್ಬೇಕು ಅನ್ನೋ ಅಧಿಕಾರ ಪ್ರೋಗ್ರಾಮಿನದು. 1973ರಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಆಲ್ಟೋ ಅನ್ನೋ ಯಂತ್ರ ತಯಾರಾಯ್ತು. ಮೌಸ್ ಇತ್ತು, ಚಿತ್ರ ತೋರಿಸೋ ಪರದೆ ಇತ್ತು. ಅದೇ ದಾರಿಯಲ್ಲಿ 1984ರ ಜನವರಿ 24ರಂದು ಆ್ಯಪಲ್‌ನ ಮ್ಯಾಕಿಂಟಾಷ್ ಜನರ ಕೈಗೆ ಬಂತು. ಈಗ ಅಧಿಕಾರ ಉಲ್ಟಾ. ಬಳಸೋರು ಎಲ್ಲಿ ಬೇಕಾದ್ರೂ ಕ್ಲಿಕ್ ಮಾಡಬಹುದು, ಯಾವಾಗ ಬೇಕಾದ್ರೂ ಮೆನು ಎಳೀಬಹುದು. ಪ್ರೋಗ್ರಾಮ್ ಕಾಯ್ಕೊಂಡಿರ್ಬೇಕು.

ಹಾಗೆ ಕಾಯೋದಕ್ಕೆ ಪ್ರೋಗ್ರಾಮರ್‌ಗಳು ಕಂಡುಕೊಂಡ ಉಪಾಯದ ಹೆಸರು ಇವೆಂಟ್ ಲೂಪ್. ಒಂದೇ ಕೌಂಟರ್ ಇರೋ ಬ್ಯಾಂಕ್ ಶಾಖೆ ನೆನಪಿಸಿಕೊಳ್ಳಿ. ಒಬ್ಬರೇ ಕ್ಲರ್ಕ್. 'ಮುಂದಿನ ಟೋಕನ್' ಅಂತ ಕರೀತಾರೆ, ಕೆಲಸ ಮಾಡ್ತಾರೆ, ಮತ್ತೆ 'ಮುಂದಿನ ಟೋಕನ್'. ನಿಮ್ಮ ಪ್ರತಿ ಕ್ಲಿಕ್ಕೂ, ಪ್ರತಿ ಕೀಲಿ ಒತ್ತೋದೂ ಒಂದೊಂದು ಟೋಕನ್. ವಿಂಡೋವನ್ನ ಮತ್ತೆ ಬಿಡಿಸು ಅನ್ನೋದೂ ಅದೇ ಕ್ಯೂನಲ್ಲಿ ನಿಂತಿರೋ ಟೋಕನ್ನೇ. ಹಾಗಾದ್ರೆ ಕ್ಲರ್ಕ್ ಒಂದು ಟೋಕನ್ ತಗೊಂಡು ಹಳೇ ಲೆಡ್ಜರ್ ಹುಡುಕೋಕೆ ಒಳಗೆ ಹೋದ್ರೆ? ಅವರು ಬರೋವರೆಗೂ ಕ್ಯೂ ಬೆಳೀತಾನೇ ಇರುತ್ತೆ. ಯಾವ ಟೋಕನ್ನೂ ರದ್ದಾಗಲ್ಲ. ಬಂದ ಮೇಲೆ ಒಂದೊಂದಾಗಿ ಎಲ್ಲದಕ್ಕೂ ಕೆಲಸ ಆಗುತ್ತೆ.

ನನ್ನ ಮೂರು ಬಿಲ್ ಗೊತ್ತಾಯ್ತಲ್ವಾ? ಮೊದಲ ಸೇವ್ ಡೇಟಾ ಬರೆಯೋಕೆ ಒಳಗೆ ಹೋಗಿತ್ತು. ಇನ್ನೆರಡು ಸೇವ್ ಕ್ಯೂನಲ್ಲಿ ತೆಪ್ಪಗೆ ನಿಂತಿದ್ವು.

ಭಾಗ 3

ಈ ಚರಿತ್ರೆಯಲ್ಲಿ ನಂಗೆ ತುಂಬಾ ಇಷ್ಟವಾದ ಕಾಲ 1987ರಿಂದ 1995. ಎಲ್ಲರಿಗೂ ರೋಗ ಗೊತ್ತಿತ್ತು, ಔಷಧಿ ಮಾತ್ರ ಬೇರೆ ಬೇರೆ.

1990ರ ಮೇ ತಿಂಗಳಲ್ಲಿ ಬಂದ ವಿಂಡೋಸ್ 3.0 ಹಲವು ಪ್ರೋಗ್ರಾಮ್‌ಗಳನ್ನ ಒಟ್ಟಿಗೆ ಓಡಿಸ್ತಿತ್ತು. ಆದ್ರೆ ಪರಸ್ಪರ ಸೌಜನ್ಯದ ಮೇಲೆ. ಒಂದು ಪ್ರೋಗ್ರಾಮ್ ತನ್ನ ಸರದಿ ಮುಗಿಸಿ ತಾನಾಗೇ ಜಾಗ ಬಿಟ್ಟುಕೊಟ್ರೆ ಇನ್ನೊಂದಕ್ಕೆ ಅವಕಾಶ. ಬಿಡದೇ ಇದ್ರೆ? ಪೂರ್ತಿ ಪರದೆಯೇ ಹೆಪ್ಪುಗಟ್ಟುತ್ತೆ. ಬಸ್ಸಲ್ಲಿ ಒಬ್ಬ ಕಿಟಕಿ ಪಕ್ಕದ ಸೀಟು ಹಿಡಿದು ನಿದ್ದೆ ಹೊಡೆದ್ರೆ ಅವನನ್ನ ಎಬ್ಬಿಸೋಕೆ ಕಂಡಕ್ಟರೇ ಇಲ್ಲ ಅನ್ನೋ ಥರ. ಮುಂದೆ ವಿಂಡೋಸ್ 3.1ರಲ್ಲಿ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದ್ರೆ, ಮಾತು ಕೇಳದ ಪ್ರೋಗ್ರಾಮನ್ನ ಮುಚ್ಚಬಹುದು ಅನ್ನೋ ನೀಲಿ ಪರದೆ ಬರ್ತಿತ್ತು. ಅದರ ಮೇಲಿನ ಒಕ್ಕಣೆ ಬರೆದವರು ಯಾರು ಗೊತ್ತಾ? ಮುಂದೆ ಮೈಕ್ರೋಸಾಫ್ಟ್ ಸಿಇಒ ಆದ ಸ್ಟೀವ್ ಬಾಲ್ಮರ್!

ಇದಕ್ಕಿಂತ ಮಜಾ ಓಎಸ್/2ದು. ಐಬಿಎಂ ಮತ್ತು ಮೈಕ್ರೋಸಾಫ್ಟ್ ಸೇರಿ ಕಟ್ಟಿದ್ದು, ಮೊದಲ ಆವೃತ್ತಿ 1987ರದು. ಇದರಲ್ಲಿ ಕಂಡಕ್ಟರ್ ಇದ್ದ. ಯಾವ ಪ್ರೋಗ್ರಾಮಿಗೆ ಎಷ್ಟು ಹೊತ್ತು ಅಂತ ಸಿಸ್ಟಮ್ಮೇ ತೀರ್ಮಾನ ಮಾಡ್ತಿತ್ತು, ಬಿಡದಿದ್ರೆ ಕಿತ್ಕೊಳ್ತಿತ್ತು. ಆದ್ರೆ ಮುಂದೆ ಅದಕ್ಕೆ ವಿಂಡೋಗಳು ಬಂದಾಗ ಕೀಬೋರ್ಡ್ ಮತ್ತು ಮೌಸ್‌ನ ಕ್ಯೂ ಮಾತ್ರ ಎಲ್ಲ ಪ್ರೋಗ್ರಾಮ್‌ಗಳಿಗೂ ಸೇರಿ ಒಂದೇ! ಒಂದು ಪ್ರೋಗ್ರಾಮ್ ತನ್ನ ಟೋಕನ್ ತಗೊಳ್ಳದೆ ಕೂತ್ರೆ ಹಿಂದಿನವರದ್ದೆಲ್ಲ ಅಲ್ಲೇ ಜಾಮ್. ಒಳಗೆ ಪ್ರೋಗ್ರಾಮ್‌ಗಳು ಓಡ್ತಾನೇ ಇರ್ತಿದ್ವು, ಡೌನ್‌ಲೋಡ್ ಆಗ್ತಾನೇ ಇರ್ತಿತ್ತು. ಬಳಸೋರಿಗೆ ಮಾತ್ರ ಇಡೀ ಯಂತ್ರ ಸತ್ತ ಹಾಗೆ. ಎಷ್ಟು ಗಟ್ಟಿ ಎಂಜಿನ್ ಇದ್ದು ಏನು ಪ್ರಯೋಜನ, ಬಾಗಿಲು ಒಂದೇ ಆದ್ರೆ?

1993ರಲ್ಲಿ ಬಂದ ವಿಂಡೋಸ್ ಎನ್‌ಟಿ ಈ ಕ್ಯೂವನ್ನ ಒಡೆದು ಬೇರೆ ಬೇರೆ ಮಾಡ್ತು. 1995ರ ಆಗಸ್ಟ್ 24ಕ್ಕೆ ಬಿಡುಗಡೆಯಾದ ವಿಂಡೋಸ್ 95ರಿಂದ ಆ ಅನುಕೂಲ ಮನೆಮನೆಗೆ ಬಂತು. ಮ್ಯಾಕ್‌ನವರು ಹಳೇ ಸೌಜನ್ಯದ ಪದ್ಧತಿಯಲ್ಲೇ ಇದ್ದು 2001ರ ಮ್ಯಾಕ್ ಓಎಸ್ ಟೆನ್‌ವರೆಗೆ ಕಾಯ್ಬೇಕಾಯ್ತು. ಇಷ್ಟಾದ ಮೇಲೆ ಒಂದು ಪ್ರೋಗ್ರಾಮ್ ನಿಂತ್ರೆ ಅದೊಂದೇ ನಿಲ್ಲುತ್ತೆ, ಪಕ್ಕದ್ದು ಓಡುತ್ತೆ. ಸಿಸ್ಟಮ್ ಕಟ್ಟೋರು ತಮ್ಮ ಪಾಲಿನ ಕೆಲಸ ಮಾಡಿದ್ರು. ಇನ್ನು ಉಳಿದಿದ್ದು ಪ್ರತಿ ಪ್ರೋಗ್ರಾಮ್ ಬರೆಯೋರ ಪಾಲು.

ಭಾಗ 4

ಅವರ ಪಾಲಿನ ಕಥೆಯಲ್ಲೇ ನನ್ನ 3,840 ಇರೋದು.

1991ರಲ್ಲಿ ವಿಷುಯಲ್ ಬೇಸಿಕ್ ಬಂತು. ಬಟನ್ ಎಳೆದು ತಂದು ಫಾರ್ಮ್ ಮೇಲೆ ಇಡು, ಅದರ ಮೇಲೆ ಡಬಲ್ ಕ್ಲಿಕ್ ಮಾಡು, ಒತ್ತಿದಾಗ ಏನಾಗ್ಬೇಕು ಅಂತ ಬರಿ. ಇಷ್ಟು ಸುಲಭ ಆಗಿದ್ದಕ್ಕೇ ಕಂಪ್ಯೂಟರ್ ಸೈನ್ಸ್ ಓದದವರೂ ಅಂಗಡಿ ಬಿಲ್ಲಿಂಗು, ಸ್ಕೂಲ್ ಫೀಸು, ಕ್ಲಿನಿಕ್ ರಿಜಿಸ್ಟರ್ ಅಂತ ಬರೆಯೋ ಹಾಗಾಯ್ತು. ಬಟನ್ನಿನ ಹಿಂದೆ ಉದ್ದದ ಕೆಲಸ ಇಟ್ರೆ ವಿಂಡೋ ಹೆಪ್ಪುಗಟ್ಟುತ್ತೆ ಅನ್ನೋದು ಬೇಗ ಗೊತ್ತಾಯ್ತು. ಅದಕ್ಕೊಂದು ರೆಡಿಮೇಡ್ ಮಾತ್ರೆ ಇತ್ತು: ಡೂಇವೆಂಟ್ಸ್. ಉದ್ದದ ಕೆಲಸದ ಮಧ್ಯೆ ಮಧ್ಯೆ ಈ ಒಂದು ಪದ ಸೇರಿಸಿದ್ರೆ, ಪ್ರೋಗ್ರಾಮ್ ಒಂದು ಕ್ಷಣ ಕೈಯಲ್ಲಿರೋದನ್ನ ಬಿಟ್ಟು ಕ್ಯೂನಲ್ಲಿರೋ ಟೋಕನ್‌ಗಳನ್ನ ನೋಡಿ ವಾಪಸ್ ಬರುತ್ತೆ. ವಿಂಡೋ ಬಿಳಿಚಿಕೊಳ್ಳಲ್ಲ. ಎಲ್ಲರೂ ಖುಷಿ.

ಆದ್ರೆ ಆ ಕ್ಯೂನಲ್ಲಿ ಎರಡನೇ ಸೇವ್ ಇದ್ರೆ? ಮೊದಲ ಸೇವ್ ಅರ್ಧಕ್ಕೆ ನಿಂತಿರುವಾಗಲೇ ಎರಡನೇ ಸೇವ್ ಶುರುವಾಗುತ್ತೆ. ಮೊದಲನೆಯದು ಬಿಲ್ ನಂಬರ್ ತಗೊಂಡು ಇನ್ನೂ ಬರೆದಿರಲ್ಲ, ಎರಡನೆಯದೂ ಬಂದು ನಂಬರ್ ಕೇಳುತ್ತೆ. ಒಬ್ಬ ಕ್ಲರ್ಕ್ ಒಂದು ಚೆಕ್ ಪಾಸ್ ಮಾಡ್ತಾ ಮಾಡ್ತಾ ಮಧ್ಯದಲ್ಲೇ ಅದೇ ಅಕೌಂಟಿನ ಇನ್ನೊಂದು ಚೆಕ್ ಕೈಗೆತ್ತಿಕೊಂಡ ಹಾಗೆ. ಹೆಪ್ಪುಗಟ್ಟಿದ್ದಾಗ ಲೆಕ್ಕವಾದ್ರೂ ವರಸೆಯಾಗಿ ಆಗ್ತಿತ್ತು, ಈ ಔಷಧಿ ತಗೊಂಡ ಮೇಲೆ ಅದೂ ಇಲ್ಲ.

ನಿಜವಾದ ಮದ್ದು ಎಷ್ಟು ಚಿಕ್ಕದು ನೋಡಿ. ಸೇವ್ ಒತ್ತಿದ ತಕ್ಷಣ, ಬೇರೆ ಯಾವ ಕೆಲಸಕ್ಕೂ ಮೊದಲು, ಆ ಬಟನ್ನನ್ನ ಮಸುಕು ಮಾಡಿ ಒತ್ತೋಕೆ ಆಗದ ಹಾಗೆ ಮಾಡು. ಕೆಲಸ ಮುಗಿದ್ಮೇಲೆ ವಾಪಸ್ ಕೊಡು. ಜೊತೆಗೆ ಪ್ರತಿ ಹೊಸ ಬಿಲ್ ತೆರೆದಾಗಲೇ ಅದಕ್ಕೊಂದು ಗುರುತು ಅಂಟಿಸು, ಅದೇ ಗುರುತಿನದು ಎರಡನೇ ಸಲ ಬಂದ್ರೆ ಬೇಡ ಅನ್ನು. ನಮ್ಮ ಆಡಿಟಿಂಗ್ ಪೇಪರಿನಲ್ಲಿ ವೌಚಿಂಗ್ ಪಾಠ ಓದಿದೋರಿಗೆ ಇದು ಹೊಸದಲ್ಲ. ದುಡ್ಡು ಕೊಟ್ಟ ಮೇಲೆ ವೋಚರ್ ಮೇಲೆ 'ಪೇಯ್ಡ್' ಅಂತ ಸೀಲ್ ಹೊಡೀಬೇಕು ಅಂತ ಬರ್ಕೊಂಡಿದ್ವಲ್ಲ, ಯಾಕೆ? ಅದೇ ವೋಚರ್ ತಂದು ಇನ್ನೊಂದ್ಸಲ ದುಡ್ಡು ಎತ್ತಬಾರದು ಅಂತ. ಕಾಗದದ ಕಾಲದ ಗುಮಾಸ್ತರಿಗೆ ಗೊತ್ತಿದ್ದ ಬುದ್ಧಿ ಆ ಬಿಲ್ಲಿಂಗ್ ಪ್ರೋಗ್ರಾಮ್ ಬರೆದೋರಿಗೆ ಹೊಳೀಲಿಲ್ಲ. ಸೀಲ್ ಹೊಡೀದೇ ಇದ್ದಿದ್ದು ಅವರು, ಸಂಬಳ ಕಟ್ ಆಗಿದ್ದು ನಂದು.

ಭಾಗ 5

ಕಾಮೆಂಟಲ್ಲಿ ಬಿಸಿಎ ಫ್ರೆಂಡ್ ಒಬ್ಬ ಕೇಳಿದ್ದ: "ಇನ್ನೊಬ್ಬ ಕ್ಲರ್ಕ್ ಹಾಕಿದ್ರೆ ಆಯ್ತಲ್ಲ ಗುರು?" ಅಂದ್ರೆ ಥ್ರೆಡ್. ಒಳ್ಳೇ ಪ್ರಶ್ನೆ, ಜಗತ್ತೂ ಅದನ್ನೇ ಯೋಚಿಸಿತ್ತು.

ಜಾವಾ ಭಾಷೆಯ ಮೊದಲ ವಿಂಡೋ ಲೈಬ್ರರಿ ಎಡಬ್ಲ್ಯುಟಿಯನ್ನ, ಯಾವ ಥ್ರೆಡ್ ಬೇಕಾದ್ರೂ ಬಂದು ಪರದೆ ಮುಟ್ಟಬಹುದು ಅನ್ನೋ ಆಸೆಯಿಂದ ಕಟ್ಟಿದ್ರು. ಚೆನ್ನಾಗಿ ನಡೀಲಿಲ್ಲ. ಯಾಕೆ ಅಂದ್ರೆ ಕ್ಲಿಕ್ ಬರೋದು ಕೆಳಗಿಂದ ಮೇಲಕ್ಕೆ: ಸಿಸ್ಟಮ್, ಆಮೇಲೆ ವಿಂಡೋ, ಆಮೇಲೆ ನಿಮ್ಮ ಪ್ರೋಗ್ರಾಮ್. ಪ್ರೋಗ್ರಾಮಿನ ಆದೇಶ ಹೋಗೋದು ಮೇಲಿಂದ ಕೆಳಕ್ಕೆ. ಎರಡೂ ದಾರಿಯಲ್ಲಿ ಬೀಗ ಹಾಕ್ತಾ ಬಂದವರು ಮಧ್ಯದಲ್ಲಿ ಎದುರಾಗ್ತಾರೆ. ಅಕೌಂಟೆಂಟ್ ಕೈಯಲ್ಲಿ ಕ್ಯಾಷ್‌ಬುಕ್, ಅವರಿಗೆ ಲೆಡ್ಜರ್ ಬೇಕು. ಮ್ಯಾನೇಜರ್ ಕೈಯಲ್ಲಿ ಲೆಡ್ಜರ್, ಅವರಿಗೆ ಕ್ಯಾಷ್‌ಬುಕ್ ಬೇಕು. ಇಬ್ಬರೂ ಕೈಯಲ್ಲಿರೋದನ್ನ ಬಿಡಲ್ಲ. ಆಫೀಸ್ ಬಂದ್. ಇದಕ್ಕೆ ಡೆಡ್‌ಲಾಕ್ ಅಂತಾರೆ.

ಹಾಗಾಗಿ ಅದರ ನಂತರದ ಸ್ವಿಂಗ್ ಲೈಬ್ರರಿ ಪಾಠ ಕಲೀತು: ಪರದೆ ಮುಟ್ಟೋದು ಒಂದೇ ಥ್ರೆಡ್. ಉದ್ದದ ಕೆಲಸ ಹಿಂದಿನ ಕೋಣೆಯಲ್ಲಿ ಬೇರೆಯವರು ಮಾಡ್ಲಿ, ಮುಗಿದ ಮೇಲೆ ಅವರೇ ಕೌಂಟರಿಗೆ ನುಗ್ಗದೆ ಒಂದು ಚೀಟಿ ಕಳಿಸಲಿ. ಆ ಚೀಟಿಯೂ ಕ್ಯೂನಲ್ಲಿ ನಿಲ್ಲಲಿ. ಇವತ್ತಿಗೂ ಬಹುಪಾಲು ಎಲ್ಲಾ ಕಡೆ ಇದೇ ನಿಯಮ. ಪೈಥಾನ್‌ನ ಟಿಕಿಂಟರ್ ಕಲಿಯೋರಿಗೂ ಇದೇ, ಮೊಬೈಲ್ ಆ್ಯಪ್ ಬರೆಯೋರಿಗೂ ಇದೇ.

ನಿಯಮ ಸುಲಭ, ಬರೆಯೋದು ಪೀಕಲಾಟ. ಒಂದೇ ಕೆಲಸದ ಅರ್ಧ ಭಾಗ ಇಲ್ಲಿ, ಅರ್ಧ ಅಲ್ಲಿ. ಅದಕ್ಕೇ ಜನ ಬೇಸತ್ತು ಎಲ್ಲವನ್ನೂ ಬಟನ್ನಿನ ಹಿಂದೆಯೇ ತುಂಬ್ತಿದ್ರು. 2012ರಲ್ಲಿ ಸಿ ಶಾರ್ಪ್ ಭಾಷೆಗೆ ಎಸಿಂಕ್, ಅವೇಟ್ ಅನ್ನೋ ಎರಡು ಪದ ಸೇರಿದ ಮೇಲೆ ಅದೇ ಕೆಲಸವನ್ನ ಒಂದೇ ಉಸಿರಿನಲ್ಲಿ, ಮೇಲಿಂದ ಕೆಳಗೆ ಬರೆಯೋಕೆ ಸಾಧ್ಯವಾಯ್ತು. ಅದೇ ವರ್ಷ ವಿಂಡೋಸ್ 8ರ ಹೊಸ ಆ್ಯಪ್‌ಗಳಿಗೆ ಮೈಕ್ರೋಸಾಫ್ಟ್ ಇನ್ನೂ ಕಟ್ಟುನಿಟ್ಟು ಮಾಡ್ತು. 50 ಮಿಲಿಸೆಕೆಂಡ್‌ಗಿಂತ ಹೆಚ್ಚು ಹಿಡಿಯಬಹುದಾದ ಕೆಲಸಗಳನ್ನ ಕಾಯಿಸೋ ರೀತಿಯಲ್ಲಿ ಕೊಡಲೇ ಇಲ್ಲ. ಕ್ಲರ್ಕ್ ಒಳಗೆ ಹೋಗೋ ಬಾಗಿಲನ್ನೇ ಕಿತ್ತು ಹಾಕಿದ ಹಾಗೆ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಪ್ರಾಮಾಣಿಕವಾದ ಪರಿಹಾರ ಇದೇ.

ಭಾಗ 6

ಕೊನೆಗೆ ಮೊದಲ ಫೋಟೋಗೆ ಬರೋಣ. ಆ ಬಿಳಿಚಿದ ವಿಂಡೋ ನಿಜಕ್ಕೂ ನಿಮ್ಮ ಪ್ರೋಗ್ರಾಮಿನದಲ್ಲ! ಪ್ರೋಗ್ರಾಮ್ 5 ಸೆಕೆಂಡ್ ಟೋಕನ್ ಕರೀದೇ ಇದ್ರೆ ವಿಂಡೋಸ್ ಅದನ್ನ ಕಿವುಡು ಅಂತ ತೀರ್ಮಾನಿಸಿ, ಅದೇ ಜಾಗದಲ್ಲಿ ಅದೇ ಅಳತೆಯ ಒಂದು ನಕಲಿ ವಿಂಡೋ ತಂದು ನಿಲ್ಲಿಸುತ್ತೆ. ಅದರ ಹೆಸರೇ ದೆವ್ವದ ವಿಂಡೋ, 2001ರ ಎಕ್ಸ್‌ಪಿಯಿಂದ ಇದೆ. ನೀವು ಅದನ್ನ ಸರಿಸಬಹುದು, ಮುಚ್ಚಬಹುದು, ಆದ್ರೆ ಒಳಗಿನ ಬಟನ್ ಒತ್ತೋಕಾಗಲ್ಲ. ನನ್ನ ಬಿಲ್ ದಿನ ಆ ದೆವ್ವ ಒಂದೆರಡು ಸೆಕೆಂಡ್ ಬೇಗ ಬಂದಿದ್ರೆ ದುಡ್ಡು ಉಳೀತಿತ್ತು.

ಮೊನ್ನೆ ಎಕ್ಸಾಮ್ ಫೀಸ್ ಕಟ್ಟುವಾಗ ಪರದೆ ಮೇಲೆ ಬಂದಿದ್ದು ಎರಡನೇ ಫೋಟೋದಲ್ಲಿದೆ, ಸ್ವೈಪ್ ಮಾಡಿ. 'ರಿಫ್ರೆಶ್ ಮಾಡಬೇಡಿ, ಬ್ಯಾಕ್ ಒತ್ತಬೇಡಿ'. ಕೆಳಗೆ ಪೇ ಬಟನ್ ಇನ್ನೂ ಹೊಳೀತಾ ಇದೆ, ಒತ್ತು ಅಂತ ಕರೀತಾ ಇದೆ. ನಾನು ಕೈ ಕಟ್ಕೊಂಡು ಕೂತೆ. ಪಕ್ಕದ ಸಿಸ್ಟಮ್‌ನಲ್ಲಿದ್ದ ಜೂನಿಯರ್ ಹುಡುಗಿ ಎರಡು ಸಲ ಒತ್ತಿದ್ಲು, ಎರಡು ಸಲ ಕಟ್ ಆಯ್ತು. "ಅಯ್ಯೋ, ನಂದೇ ತಪ್ಪು ಅಣ್ಣ" ಅಂದ್ಲು. ಅಲ್ಲ ಕಣಮ್ಮ ಅಂತ ಹೇಳಿ, ರೀಫಂಡ್ ಅರ್ಜಿ ಬರೆಯೋಕೆ ಜೊತೆಗೆ ಕೂತೆ.