ಮೂಲ ಪ್ರತಿ ಯಾರ ಕಪಾಟಿನಲ್ಲಿದೆ?

ಗ್ರಂಥವೊಂದರ ಆಯುಷ್ಯ ಅದರ ಎಷ್ಟು ಪ್ರತಿಗಳು ಎಷ್ಟು ಮನೆಗಳಲ್ಲಿವೆ ಎಂಬುದರ ಮೇಲೆ ನಿಂತಿರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರು ವಿದ್ವಾಂಸರಿಗೆ ಗೊತ್ತಿತ್ತು, ಗ್ರಂಥ ಮಾತ್ರ ಕಣ್ಮರೆಯಾಗಿತ್ತು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಾಳೆಗರಿಯ ಕಟ್ಟೊಂದನ್ನು ಕೊಟ್ಟರು. ಅದನ್ನು ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಆ ಕಟ್ಟು ಗೆದ್ದಲಿಗೆ ಆಹಾರವಾಗಿದ್ದರೆ ಏನಾಗುತ್ತಿತ್ತು? ಇದಕ್ಕೆ ತೀರ ವಿರುದ್ಧವಾದ ಉದಾಹರಣೆಯೂ ನಮ್ಮ ಮುಂದಿದೆ. ಕುರ್‌ಆನ್ ಸಾವಿರಾರು ಹಾಫಿಝರ ನೆನಪಿನಲ್ಲಿ ಏಕಕಾಲಕ್ಕೆ ಉಳಿದುಬಂತು. ಹದೀಸ್ ಸಂಗ್ರಹಿಸಿದವರು ಮಾತನ್ನು ಮಾತ್ರವಲ್ಲ, ಅದು ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯನ್ನೂ ದಾಖಲಿಸಿದರು.

ತಾಳೆಗರಿಯ ಕಾಲ ಮುಗಿಯಿತು. ಈಗ ನಮ್ಮ ಬರಹ, ಲೆಕ್ಕಪತ್ರ, ಪಹಣಿ, ಪತ್ರಿಕೆ ಎಲ್ಲವೂ ತಂತ್ರಾಂಶಗಳನ್ನು ನಂಬಿ ನಿಂತಿವೆ. ತಂತ್ರಾಂಶವೂ ಮನುಷ್ಯರು ಬರೆದ ಬರಹವೇ. ಅದರ ಮೂಲ ಬರಹಕ್ಕೆ ಸೋರ್ಸ್ ಕೋಡ್ ಎನ್ನುತ್ತಾರೆ. ಅದು ಯಾರ ಕೈಯಲ್ಲಿದೆ, ಯಾರ ಕಪಾಟಿನಲ್ಲಿದೆ ಎಂಬ ಪ್ರಶ್ನೆಗೂ ಒಂದು ಇತಿಹಾಸವಿದೆ. ಅದರ ಕೆಲವು ಮುಖ್ಯ ಪುಟಗಳು ಬರೆಯಲ್ಪಟ್ಟದ್ದು ಹಳೆಯ ಬೆಂಗಳೂರಿನಲ್ಲಿ.

ಚಾಮರಾಜಪೇಟೆಯ ಅಕ್ಷರಗಳು

ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. 1898ರ ಪ್ಲೇಗಿನ ಬಳಿಕ ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದವು. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ಇರುವುದು ಚಾಮರಾಜಪೇಟೆಯಲ್ಲಿ. 1996ರಲ್ಲಿ ಆರಂಭವಾದ ಕನ್ನಡ ಗಣಕ ಪರಿಷತ್ತು ಕೂಡ ಇದೇ ಪೇಟೆಯಿಂದ ಕೆಲಸ ಮಾಡಿತು. ಸರ್ಕಾರಿ ಕಚೇರಿಗಳಲ್ಲಿ ಬಳಕೆಗೆ ಬಂದ 'ನುಡಿ' ತಂತ್ರಾಂಶ ಈ ಪರಿಷತ್ತಿನ ಕೊಡುಗೆ. ಅದಕ್ಕೂ ಮೊದಲು, 1998ರಲ್ಲಿ, ಅಮೆರಿಕದಲ್ಲಿ ನೆಲೆಸಿದ್ದ ಕನ್ನಡಿಗ ಶೇಷಾದ್ರಿವಾಸು ಅವರು 'ಬರಹ'ವನ್ನು ಹೊರತಂದಿದ್ದರು. ಕನ್ನಡಿಗರು ಗಣಕದಲ್ಲಿ ಬರೆಯಲು ಕಲಿತದ್ದು ಬಹುಮಟ್ಟಿಗೆ ಇವೆರಡರಿಂದ. ಈ ಉಪಕಾರ ಸಣ್ಣದಲ್ಲ.

ಆದರೆ ಆ ಕಾಲದ ತೊಡಕನ್ನೂ ಮರೆಯಬಾರದು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ಪ್ರತಿಯೊಂದು ತಂತ್ರಾಂಶವೂ ಕನ್ನಡ ಅಕ್ಷರಗಳಿಗೆ ತನ್ನದೇ ಸಂಖ್ಯೆಗಳನ್ನು ಕೊಟ್ಟಿತ್ತು. ಒಂದರಲ್ಲಿ ಬರೆದ ಕಡತವನ್ನು ಇನ್ನೊಂದರಲ್ಲಿ ತೆರೆದರೆ ತೆರೆಯ ಮೇಲೆ ಅರ್ಥವಿಲ್ಲದ ಗುರುತುಗಳು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿದ್ದರೂ ಅದು ಸಾಮಾನ್ಯರ ಗಣಕಕ್ಕೆ ಇಳಿದುಬರಲು ಬಹಳ ವರ್ಷ ಬೇಕಾಯಿತು. ಅಷ್ಟರಲ್ಲಿ ಎಷ್ಟೋ ಪುಸ್ತಕ, ಪತ್ರಿಕೆಗಳ ಕಡತಗಳು ತಂತ್ರಾಂಶದ ಬೀಗದೊಳಗೆ ಉಳಿದುಬಿಟ್ಟವು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬರಹವೂ ನುಡಿಯೂ ಆ ದಿನಗಳಲ್ಲಿ ಉಚಿತವಾಗಿ ಸಿಗುತ್ತಿದ್ದವು. ಆದರೆ ಉಚಿತವಾಗಿ ಸಿಗುವುದು ಬೇರೆ, ಮುಕ್ತವಾಗಿರುವುದು ಬೇರೆ. ಊಟ ಪುಕ್ಕಟೆಯಾಗಿ ಬಡಿಸುವುದಕ್ಕೂ ಅಡುಗೆಯ ವಿಧಾನ ಹೇಳಿಕೊಡುವುದಕ್ಕೂ ಇರುವ ಅಂತರ ಅದು. ಯಾರು ಬೇಕಾದರೂ ಮೂಲವನ್ನು ತೆರೆದು ನೋಡಿ, ತಿದ್ದಿ, ತಿದ್ದಿದ್ದನ್ನು ಹಂಚಬಹುದು ಎಂಬ ಪರವಾನಗಿ ಅವುಗಳಿಗಿರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಅಷ್ಟೊಂದು ಗಟ್ಟಿಯಾಗಿ ಮಾತನಾಡಿದ್ದು ಸುಮ್ಮನೆ ಅಲ್ಲ. ಭಾಷೆ ಉಳಿಯುವುದು ಭಾಷಣದಿಂದಲ್ಲ, ಅದನ್ನು ಬಳಸುವ ಸಾಧನದಿಂದ ಎಂಬುದು ಅವರಿಗೆ ಗೊತ್ತಿತ್ತು.

ಯಂತ್ರ ಮರೆಯಾಯಿತು, ಧ್ವನಿ ಉಳಿಯಿತು

ಮಲ್ಲೇಶ್ವರಕ್ಕೆ ಅಂಟಿಕೊಂಡಂತೆ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಅಲ್ಲಿನ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್ ಮತ್ತು ರಮೇಶ್ ಹರಿಹರನ್ ಅವರು ಬೆಂಗಳೂರಿನ ಎನ್ಕೋರ್ ಸಂಸ್ಥೆಯ ಇಂಜಿನಿಯರುಗಳ ಜೊತೆಗೂಡಿ ಬಡವರ ಕೈಗೆಟಕುವ ಅಂಗೈ ಗಣಕವೊಂದನ್ನು ರೂಪಿಸಿದರು. ಅದೇ ಸಿಂಪ್ಯೂಟರ್. 2001ರ ಏಪ್ರಿಲ್‌ನಲ್ಲಿ ಅದರ ಮಾದರಿ ಬಿಡುಗಡೆಯಾದಾಗ ಜಗತ್ತಿನ ಪತ್ರಿಕೆಗಳು ಬೆಂಗಳೂರಿನ ಕಡೆ ತಿರುಗಿ ನೋಡಿದವು. ಲಿನಕ್ಸ್ ಮೇಲೆ ನಡೆಯುತ್ತಿದ್ದ ಈ ಯಂತ್ರದ ವಿನ್ಯಾಸವನ್ನೂ ಮುಕ್ತ ಪರವಾನಗಿಯಡಿ ಹಂಚಲಾಯಿತು. ಸುಧಾರಣೆ ಮಾಡಿದವರು ಅದನ್ನು ಮರಳಿ ಎಲ್ಲರ ಬಳಕೆಗೆ ಒಪ್ಪಿಸಬೇಕು ಎಂಬುದು ಅದರ ಆಶಯ.

ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ಸೋತಿತು. 2004ರಲ್ಲಿ 'ಅಮಿಡಾ' ಎಂಬ ಹೆಸರಿನಲ್ಲಿ ಅಂಗಡಿಗೆ ಬಂದರೂ ನಿಲ್ಲಲಿಲ್ಲ. ಮೊಬೈಲ್ ಫೋನು ಅದರ ಜಾಗವನ್ನು ನುಂಗಿತು. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಓದು ಬಾರದವರಿಗೆ ಪಠ್ಯವನ್ನು ಓದಿ ಹೇಳಲೆಂದು ರಮೇಶ್ ಹರಿಹರನ್ ಅವರು 'ಧ್ವನಿ' ಎಂಬ ತಂತ್ರಾಂಶವನ್ನು ಬರೆದಿದ್ದರು. ಅದರ ಮೂಲ ಮುಕ್ತವಾಗಿತ್ತು. ಮುಂದೆ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು, ಸೋರ್ಸ್‌ಫೋರ್ಜ್ ಎಂಬ ಜಾಲತಾಣದಲ್ಲಿಟ್ಟು ಬೆಳೆಸಿದರು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳನ್ನು ಅದು ಓದಿತು. ಯಂತ್ರ ಸತ್ತ ಮೇಲೂ ಅದರ ಧ್ವನಿ ಬದುಕಿತು. ಕಾರಣ ಒಂದೇ. ಮೂಲ ಪ್ರತಿ ಒಬ್ಬರ ಕಪಾಟಿನಲ್ಲಿ ಬಂದಿಯಾಗಿರಲಿಲ್ಲ.

ಹಂಚಿದ್ದು ಮತ್ತೆ ಒಂದೇ ಕಡೆ ಸೇರಿದ ಬಗೆ

ಸೋರ್ಸ್‌ಫೋರ್ಜ್ ಆರಂಭವಾದದ್ದು 1999ರಲ್ಲಿ. ಕೋಡ್ ಬರೆಯುವವರು ಅಲ್ಲಿ ತಮ್ಮ ಮೂಲವನ್ನು ಇಡುತ್ತಿದ್ದರು, ಬೇರೆಯವರು ತಿದ್ದುತ್ತಿದ್ದರು. 2005ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ 'ಗಿಟ್' ಎಂಬ ಸಾಧನವನ್ನು ರಚಿಸಿದರು. ಅವರು ಬಳಸುತ್ತಿದ್ದ ಖಾಸಗಿ ತಂತ್ರಾಂಶದ ಮಾಲೀಕರು ಉಚಿತ ಬಳಕೆಯನ್ನು ಹಿಂತೆಗೆದುಕೊಂಡದ್ದೇ ಅದಕ್ಕೆ ಪ್ರೇರಣೆ. ಗಿಟ್‌ನ ವಿಶೇಷವೆಂದರೆ ಪ್ರತಿಯೊಬ್ಬ ಬರಹಗಾರನ ಗಣಕದಲ್ಲೂ ಪೂರ್ಣ ಪ್ರತಿ, ಪೂರ್ಣ ಇತಿಹಾಸ ಇರುತ್ತದೆ. ಯಾರು, ಯಾವಾಗ, ಯಾವ ಸಾಲನ್ನು ತಿದ್ದಿದರು ಎಂಬ ಸರಪಳಿಯಿರುತ್ತದೆ. ಹಿಂದಿನ ಒಂದು ಅಕ್ಷರವನ್ನು ಗುಟ್ಟಾಗಿ ಬದಲಿಸಿದರೂ ಮುಂದಿನ ಕೊಂಡಿಗಳ ಗುರುತು ತಾಳೆಯಾಗುವುದಿಲ್ಲ.

ವಿಪರ್ಯಾಸ ನೋಡಿ. ಎಲ್ಲರ ಮನೆಯಲ್ಲೂ ಪ್ರತಿ ಇರುವಂತೆ ಮಾಡಿದ ಈ ಸಾಧನವನ್ನೇ ಬಳಸಿ 2008ರಲ್ಲಿ 'ಗಿಟ್‌ಹಬ್' ಎಂಬ ಕಂಪೆನಿ ಜಗತ್ತಿನ ಕೋಡನ್ನು ತನ್ನ ಛಾವಣಿಯಡಿ ತಂದಿತು. ಅನುಕೂಲವೇನೋ ನಿಜ. ಚರ್ಚೆ, ದೂರು, ತಿದ್ದುಪಡಿ ಎಲ್ಲವೂ ಒಂದೇ ಕಡೆ. ಬೆಂಗಳೂರಿನ ಹುಡುಗ ಹುಡುಗಿಯರು ಕೆಲಸಕ್ಕೆ ಅರ್ಜಿ ಹಾಕುವಾಗ ತಮ್ಮ ಗಿಟ್‌ಹಬ್ ವಿಳಾಸವನ್ನು ಬರೆಯುವುದು ವಾಡಿಕೆಯಾಯಿತು. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಗಿಟ್‌ಹಬ್ ಅನ್ನು ಖರೀದಿಸಿತು. ಗೂಗಲ್ ನಡೆಸುತ್ತಿದ್ದ ಇಂತಹದೇ ತಾಣ 2016ರಲ್ಲಿ ಬಾಗಿಲು ಹಾಕಿತ್ತು.

ಒಂದೇ ಬಾಗಿಲಿದ್ದರೆ ಬೀಗ ಹಾಕುವುದು ಸುಲಭ. 2014ರ ಡಿಸೆಂಬರಿನಲ್ಲಿ ಭಾರತ ಸರ್ಕಾರದ ಆದೇಶದಂತೆ 32 ತಾಣಗಳು ಬಂದಾದವು. ಭಯೋತ್ಪಾದನೆಗೆ ಸಂಬಂಧಿಸಿದ ಬರಹಗಳು ಅಲ್ಲಿವೆ ಎಂಬುದು ಕೊಟ್ಟ ಕಾರಣ. ಅದರಲ್ಲಿ ಗಿಟ್‌ಹಬ್ ಇತ್ತು, ಹಳೆಯ ಕನ್ನಡ ಪುಸ್ತಕಗಳು ಸಿಗುವ ಇಂಟರ್ನೆಟ್ ಆರ್ಕೈವ್ ಕೂಡ ಇತ್ತು. ಹೊಸ ವರ್ಷದ ಮೊದಲ ದಿನಗಳಲ್ಲಿ ಗಿಟ್‌ಹಬ್ ಮೇಲಿನ ತಡೆ ತೆರವಾಯಿತು. ಯಾವುದೋ ಒಂದು ಪುಟಕ್ಕಾಗಿ ಇಡೀ ಗ್ರಂಥಾಲಯಕ್ಕೆ ಬೀಗ ಜಡಿದಂತಾಗಿತ್ತು. 2019ರಲ್ಲಿ ಅಮೆರಿಕದ ದಿಗ್ಬಂಧನದ ಕಾರಣ ಇರಾನ್, ಸಿರಿಯಾ ಮತ್ತು ಕ್ರಿಮಿಯಾದ ಬಳಕೆದಾರರು ತಮ್ಮದೇ ಖಾಸಗಿ ಕೋಡನ್ನು ಮುಟ್ಟಲಾಗದೆ ಹೋದರು. ಇರಾನಿನವರಿಗೆ ಮತ್ತೆ ಪೂರ್ಣ ಪ್ರವೇಶ ಸಿಕ್ಕಿದ್ದು 2021ರಲ್ಲಿ. ವಿದ್ಯಾರ್ಥಿ ಮಾಡಿದ ಅಪರಾಧವಾದರೂ ಏನು? ಅವನು ವಾಸಿಸುತ್ತಿದ್ದ ದೇಶ.

ಮಾಲೀಕನಿಲ್ಲದ ಮನೆ

ಇಂತಹ ಅನುಭವಗಳಿಂದಲೇ ಮಾಲೀಕನಿಲ್ಲದ ವ್ಯವಸ್ಥೆಯ ಹುಡುಕಾಟ ಬಲಗೊಂಡಿತು. ಅವುಗಳಲ್ಲೊಂದು 'ರ್ಯಾಡಿಕಲ್'. ಬೀಜದಿಂದ ಮೊದಲು ಹೊರಡುವ ಎಳೆಬೇರಿಗೆ ಸಸ್ಯಶಾಸ್ತ್ರದಲ್ಲಿರುವ ಹೆಸರು ಅದು. 2024ರಲ್ಲಿ ಅದರ 1.0 ಆವೃತ್ತಿ ಬಂತು. ಇಲ್ಲಿ ಕೇಂದ್ರ ಕಚೇರಿಯ ಗಣಕವೆಂಬುದಿಲ್ಲ. ಗಿಟ್ ಆಧಾರದ ಮೇಲೆಯೇ ಗಣಕಗಳು ಪರಸ್ಪರ ಮಾತನಾಡಿ ಪ್ರತಿಗಳನ್ನು ಹಂಚಿಕೊಳ್ಳುತ್ತವೆ. ಬರೆದವನ ಗುರುತು ಕಂಪೆನಿ ಕೊಟ್ಟ ಖಾತೆಯಲ್ಲ, ಅವನ ಬಳಿಯೇ ಇರುವ ಗುಪ್ತ ಕೀಲಿ. ಕೋಡ್ ಮಾತ್ರವಲ್ಲ, ಅದರ ಕುರಿತ ಚರ್ಚೆ ಮತ್ತು ತಿದ್ದುಪಡಿಯ ಸಲಹೆಗಳೂ ಪ್ರತಿಯ ಜೊತೆಗೇ ಸಾಗುತ್ತವೆ. ಒಂದು ಗಣಕ ಕೆಟ್ಟರೆ ಇನ್ನೊಂದರಲ್ಲಿ ಪ್ರತಿ ಇರುತ್ತದೆ.

ಇಷ್ಟು ಓದಿದವರಿಗೆ ಇದೇ ಪರಿಹಾರವೆಂದು ಅನಿಸಬಹುದು. ಆದರೆ ಇನ್ನೊಂದು ಘಟನೆಯನ್ನು ಎದುರಿಸದೆ ಆ ತೀರ್ಮಾನಕ್ಕೆ ಬರಲಾಗದು.

2022ರ ಜನವರಿ 1ರಂದು ನೂರಕ್ಕೂ ಹೆಚ್ಚು ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು 'ಹರಾಜಿಗೆ' ಇಟ್ಟ ಆ್ಯಪ್ ಒಂದು ಕಾಣಿಸಿಕೊಂಡಿತು. ಪತ್ರಕರ್ತೆಯರು, ಸಾಮಾಜಿಕ ಕಾರ್ಯಕರ್ತೆಯರು ಅದರಲ್ಲಿದ್ದರು. 2021ರ ಜುಲೈಯಲ್ಲೂ ಇಂತಹದೇ ಒಂದು ಹೊರಬಂದಿತ್ತು. ಅವುಗಳ ಹೆಸರನ್ನು ಇಲ್ಲಿ ಬರೆಯಲು ಮನಸ್ಸು ಒಪ್ಪುವುದಿಲ್ಲ. ಎರಡನ್ನೂ ಇಟ್ಟಿದ್ದದ್ದು ಗಿಟ್‌ಹಬ್‌ನಲ್ಲಿ. ಎರಡನೆಯ ಪ್ರಕರಣದಲ್ಲಿ ಬಂಧಿತರಾದ ಆರೋಪಿಗಳಲ್ಲಿ ಒಬ್ಬ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ವಿದ್ಯಾರ್ಥಿ. ಜ್ಞಾನ ಹಂಚಲೆಂದು ಕಟ್ಟಿದ ಕಪಾಟನ್ನು ಹೆಣ್ಣುಮಕ್ಕಳ ಮಾನ ಹರಾಜಿಗೆ ಬಳಸಲಾಗಿತ್ತು.

ಆಗ ಗಿಟ್‌ಹಬ್ ಆ ಪುಟಗಳನ್ನು ಅಳಿಸಿತು. ಅಳಿಸಬಲ್ಲ ಒಬ್ಬ ಮಾಲೀಕನಿದ್ದ. ಅದು ಮಾಲೀಕನಿಲ್ಲದ ಜಾಲದಲ್ಲಿದ್ದಿದ್ದರೆ ಆ ಮಹಿಳೆಯರು ಯಾರ ಬಾಗಿಲು ತಟ್ಟಬೇಕಿತ್ತು? ಅಂತಹ ಜಾಲದಲ್ಲಿ ಪ್ರತಿಯೊಬ್ಬ ತನ್ನ ಗಣಕದಲ್ಲಿ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ತಡೆಯಬೇಕು ಎಂದು ತಾನೇ ನಿರ್ಧರಿಸಬಹುದು. ಆದರೆ ಎಲ್ಲರ ಕಪಾಟಿನಿಂದಲೂ ಒಮ್ಮೆಗೇ ತೆಗೆಸುವ ಅಧಿಕಾರ ಯಾರಿಗೂ ಇರುವುದಿಲ್ಲ. ಒಳ್ಳೆಯದನ್ನು ಅಳಿಯದಂತೆ ಕಾಯುವ ಗುಣವೇ ಕೆಟ್ಟದ್ದನ್ನೂ ಕಾಯುತ್ತದೆ.

ಹಾಗೆಂದು ಮಾಲೀಕನೇ ರಕ್ಷಕನೆನ್ನುವುದೂ ತಪ್ಪು. 2021ರಲ್ಲಿ ಪುಟ ಅಳಿಸಲ್ಪಟ್ಟಿತು, ದೂರು ದಾಖಲಾಯಿತು, ಆದರೆ ಆರು ತಿಂಗಳು ಯಾರ ಬಂಧನವೂ ಆಗಲಿಲ್ಲ. ಎರಡನೆಯ ಆ್ಯಪ್ ಬಂದದ್ದು ಆ ಮೌನದ ನಂತರ. ಪುಟ ಅಳಿಸುವುದು ಕಂಪೆನಿಯ ಕೆಲಸ, ನ್ಯಾಯ ಕೊಡುವುದು ಕಾನೂನಿನ ಕೆಲಸ, ದ್ವೇಷವನ್ನು ಮನಸ್ಸಿನಿಂದ ತೆಗೆಯುವುದು ಮನೆ ಮತ್ತು ಶಾಲೆಯ ಕೆಲಸ. ಒಂದರ ಭಾರವನ್ನು ಇನ್ನೊಂದರ ಮೇಲೆ ಹೊರಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ಈ ಇತಿಹಾಸದಿಂದ ಕನ್ನಡಿಗರು ಕಲಿಯಬೇಕಾದದ್ದು ಏನು? ನಮ್ಮ ಭಾಷೆಯ ಮುಕ್ತ ತಂತ್ರಾಂಶಗಳು, ಗುಬ್ಬಿ, ನವಿಲು ಮುಂತಾದ ಮುಕ್ತ ಅಕ್ಷರಶೈಲಿಗಳು, ನಿಘಂಟುಗಳು ಹೊರದೇಶದ ಒಂದು ಕಂಪೆನಿಯ ಕೃಪೆಯಲ್ಲಿ ಮಾತ್ರ ಉಳಿಯಬಾರದು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು, 1945ರಿಂದ ಬಸವನಗುಡಿಯಲ್ಲಿರುವ ವಿಶ್ವ ಸಂಸ್ಕೃತಿ ಸಂಸ್ಥೆಯ ಗ್ರಂಥಾಲಯ, ಮಲ್ಲೇಶ್ವರದ ಕಾಲೇಜುಗಳು ಒಂದೊಂದು ಗಣಕವನ್ನು ಇದಕ್ಕಾಗಿ ಮೀಸಲಿಟ್ಟರೂ ಸಾಕು. ಅಲ್ಲಿ ಪ್ರತಿಗೆ ರಕ್ಷಣೆ ಇರುತ್ತದೆ, ಜೊತೆಗೆ ಹೆಸರು ಹೇಳಿ ಪ್ರಶ್ನಿಸಬಹುದಾದ ಹೊಣೆಗಾರರೂ ಇರುತ್ತಾರೆ. ಏನನ್ನು ಇಡಬೇಕು, ಏನನ್ನು ಇಡಬಾರದು ಎಂದು ವಿವೇಚಿಸುವವರು ಮನುಷ್ಯರೇ ಆಗಿರುತ್ತಾರೆ.

ತಾಳೆಗರಿಯನ್ನು ಪ್ರತಿ ಮಾಡಿದವರಿಗೆ ತಾವು ಏನನ್ನು ಉಳಿಸುತ್ತಿದ್ದೇವೆ ಎಂಬ ಅರಿವಿತ್ತು. ಸಾವಿರ ಪ್ರತಿಗಳನ್ನು ಕ್ಷಣದಲ್ಲಿ ಮಾಡಬಲ್ಲ ನಮಗೆ ಆ ಅರಿವು ಅವರಿಗಿಂತ ಹೆಚ್ಚೇ ಬೇಕಾಗಿದೆ.